ಮಳೆ ಸಂಜೆಗೆ ಯಾವ ಸೂಪರ್‌ಹೀರೋ ಕುಟುಂಬ?

ಮಂಗಳೂರಲ್ಲಿ ಆಟಿ ಮಳೆ ಹಿಡಿದರೆ ಪಣಂಬೂರು ಬೀಚ್ ಕಡೆ ಹೋಗುವ ಮಾತೇ ಇಲ್ಲ. ಮನೆಮಂದಿ ಒಟ್ಟಿಗೆ ಕೂತು ನೋಡಲು ಎರಡು ಸಿನಿಮಾ ಇವೆ: 2025ರ ‘ಫೆಂಟಾಸ್ಟಿಕ್ ಫೋರ್: ಫಸ್ಟ್ ಸ್ಟೆಪ್ಸ್’ ಮತ್ತು 2004ರ ಆ್ಯನಿಮೇಷನ್ ಚಿತ್ರ ‘ಇನ್‌ಕ್ರೆಡಿಬಲ್ಸ್’. ಎರಡರಲ್ಲೂ 1960ರ ದಶಕದ ಜನ ಕನಸು ಕಂಡಂಥ ಭವಿಷ್ಯವಿದೆ. ಎರಡಕ್ಕೂ ಸಂಗೀತ ಮೈಕಲ್ ಜಿಯಾಕಿನೋ ಅವರದೇ.

ಕಣ್ಣಿಗೆ ಹಬ್ಬ ಬೇಕಾದರೆ ಫೆಂಟಾಸ್ಟಿಕ್ ಫೋರ್. ಹಾರುವ ಕಾರು, ಹಳೇ ಕಾಲದ ಟಿವಿ, ಅಡುಗೆಮನೆಯಲ್ಲಿ ಓಡಾಡುವ ಹರ್ಬಿ ಎಂಬ ರೋಬೋಟ್. ನನಗೆ ಜಾಸ್ತಿ ಹಿಡಿಸಿದ್ದು ಹೆರಿಗೆಯ ದೃಶ್ಯ. ನೌಕೆಯಲ್ಲಿ ತೂಕವೇ ಇಲ್ಲದೆ ತೇಲುತ್ತಾ ನಾಲ್ವರು ಹೀರೋಗಳಲ್ಲಿ ಒಬ್ಬಳಾದ ಸ್ಯೂ ಮಗು ಹೆರುತ್ತಾಳೆ, ಹಿಂದೆ ಶತ್ರು ಕಡೆಯ ಸಿಲ್ವರ್ ಸರ್ಫರ್ ಅಟ್ಟಿಸಿಕೊಂಡು ಬರುತ್ತಾಳೆ. ಸ್ಯೂ ಪಾತ್ರದ ವನೆಸಾ ಕರ್ಬಿ ಅಲ್ಲಿ ಇಡೀ ಸಿನಿಮಾವನ್ನು ಹೊರುತ್ತಾರೆ. ಆದರೆ ನಾಲ್ವರಲ್ಲಿ ಇನ್ನೊಬ್ಬನಾದ ಬೆನ್‌ಗೆ ಸಿಕ್ಕಿದ್ದು ತೀರಾ ಕಡಿಮೆ. ಅದು ನಿಜಕ್ಕೂ ಬೇಸರ.

ಇನ್‌ಕ್ರೆಡಿಬಲ್ಸ್‌ನಲ್ಲಿ ಆ ಕೊರತೆ ಇಲ್ಲ. ಅಪ್ಪ ಬಾಬ್ ಇನ್ಶೂರೆನ್ಸ್ ಆಫೀಸಿನ ಇಕ್ಕಟ್ಟಿನಲ್ಲಿ ನರಳುವುದು, ಮಗ ಡ್ಯಾಶ್ ಮೊದಲ ಸಲ ನೀರಿನ ಮೇಲೆ ಓಡಿ ಖುಷಿಯಿಂದ ನಗುವುದು, ಎಲ್ಲರಿಗೂ ಜಾಗವಿದೆ. ಬ್ರಾಡ್ ಬರ್ಡ್ ಬರೆದು ನಿರ್ದೇಶಿಸಿದ ಈ ಚಿತ್ರಕ್ಕೆ ಆಸ್ಕರ್ ಸುಮ್ನೆ ಬರಲಿಲ್ಲ.

ಮನೆಯಲ್ಲಿ ಪ್ರೈಮರಿ ಶಾಲೆಯ ಮಕ್ಕಳಿದ್ದರೆ ಇನ್‌ಕ್ರೆಡಿಬಲ್ಸ್ ಹಾಕಿ. ಕಾಲೇಜು ಮಕ್ಕಳು, ದೊಡ್ಡವರು ಮಾತ್ರ ಇದ್ದರೆ ಫೆಂಟಾಸ್ಟಿಕ್ ಫೋರ್. ಅದನ್ನು ಫೋನಿನಲ್ಲಿ ಮಾತ್ರ ನೋಡಬೇಡಿ, ಅದರಲ್ಲಿನ ಭವಿಷ್ಯದ ಊರಿನ ಅಂದ ದೊಡ್ಡ ಪರದೆಯಲ್ಲೇ ಕಾಣುವುದು.