ಪೀಶಕತ್ತಿ, ಸ್ವೀಡನ್ನಿನ ಚಾಕು, ಕಪ್ಪು ಚಾಕು: ಒಂದು ವರ್ಷ ತೋಟದಲ್ಲಿ ಬಳಸಿ ನೋಡಿದ್ದು

ಚಾಕು ಒಳ್ಳೆಯದಾ ಅಲ್ಲವಾ ಅಂತ ತಿಳಿಯಬೇಕಾದರೆ ಒಂದು ಗುಜ್ಜೆ, ಅಂದರೆ ಎಳೆ ಹಲಸಿನಕಾಯಿ, ಕೊಯ್ದು ನೋಡಿ. ಹೊರಗೆ ಮುಳ್ಳಿನ ಸಿಪ್ಪೆ, ಒಳಗೆ ಗಟ್ಟಿ ತಿರುಳು, ನಡುವೆ ಗೂಂಜು ಎನ್ನುವ ಗಟ್ಟಿ ದಿಂಡು, ಎಲ್ಲೆಲ್ಲೂ ಮೇಣ. ಕಾಗದ ಕೊಯ್ದು ತೋರಿಸುವ ವಿಡಿಯೊಗಳು ಬೇಕಾದಷ್ಟಿವೆ. ಮಸೆದಿದ್ದರೆ ಯಾವ ಚಾಕುವೂ ಕಾಗದ ಕೊಯ್ಯುತ್ತದೆ. ಗುಜ್ಜೆಯಲ್ಲಿ ಹಾಗಲ್ಲ. ಚಾಕುವಿನ ಬಾಯಿ, ಅಂದರೆ ಮಸೆದ ಅಂಚು, ಒಳಗೆ ಹೋದ ಮೇಲೆ ಅದರ ಹಿಂದಿನ ಮೈಯೂ ಒಳಗೆ ಹೋಗಬೇಕು. ಚಾಕುವಿನ ನಿಜವಾದ ಗುಣ ಹೊರಗೆ ಬರುವುದು ಅಲ್ಲೇ.

ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಅಡಿಕೆ ತೋಟ. ನಡುವೆ ತೆಂಗು, ಬಾಳೆ, ಒಳ್ಳೆಮೆಣಸು (ಕರಿಮೆಣಸು), ಸ್ವಲ್ಪ ಕೊಕ್ಕೊ. ಬೆಳಿಗ್ಗೆ ತೋಟಕ್ಕೆ ಇಳಿಯುವಾಗ ಸೊಂಟದಲ್ಲಿ ಒಂದು ಚಾಕು ಇರಲೇಬೇಕು. ಮಡಚುವ ಚಾಕು ನಮಗೆ ಆಗುವುದಿಲ್ಲ. ಅದರ ಸಂದಿಗೆ ಮಣ್ಣು, ಮೇಣ ಸೇರಿ ಎರಡೇ ತಿಂಗಳಲ್ಲಿ ಬಿಗಿದುಕೊಳ್ಳುತ್ತದೆ. ಹಾಗಾಗಿ ಹಿಡಿಗೆ ಗಟ್ಟಿಯಾಗಿ ಕೂತ ಅಲಗಿನ ಚಾಕುವೇ ಬೇಕು. ಕಳೆದ ಮಳೆಗಾಲದಿಂದ ಈ ಮಳೆಗಾಲದವರೆಗೆ ಅಂಥ ಮೂರನ್ನು ಸರದಿಯ ಮೇಲೆ ಬಳಸಿದೆ.

ಮೊದಲನೆಯದು ಊರಿನ ಆಚಾರಿ, ಅಂದರೆ ಕಮ್ಮಾರರು, ಮಾಡಿಕೊಟ್ಟ ಪೀಶಕತ್ತಿ, ನಮ್ಮ ಕಡೆಯ ಸಣ್ಣ ಕತ್ತಿ. ಲಾರಿಯ ಸ್ಪ್ರಿಂಗ್ ಪ್ಲೇಟಿನದ್ದು, ಅಲಗು ಐದೂವರೆ ಇಂಚು, ಪೇರಳೆ ಮರದ ಹಿಡಿ. ಮಜೂರಿ ಸೇರಿ 450 ರೂಪಾಯಿ ಆಯಿತು. ಎರಡನೆಯದು ಸ್ವೀಡನ್ನಿನ ಮೋರಾ ಕಂಪ್ಯಾನಿಯನ್. ಮೋರಾ ಎನ್ನುವುದು ಅಲ್ಲಿನ ಒಂದು ಊರು. 1891ರಿಂದ ಅಲ್ಲಿ ಕಾರ್ಖಾನೆಯಲ್ಲೇ ಚಾಕು ತಯಾರಾಗುತ್ತಿದೆ. ನನಗೆ ದುಬೈಯಲ್ಲಿರುವ ಭಾವ ತಂದುಕೊಟ್ಟದ್ದು. ಅಲಗು ನಾಲ್ಕು ಇಂಚಿನ ಮೇಲೆ ಸ್ವಲ್ಪ, ದಪ್ಪ ಎರಡೂವರೆ ಮಿಲಿಮೀಟರ್. ಮೂರನೆಯದನ್ನು ಆನ್‌ಲೈನಿನಲ್ಲಿ ನಾನೇ ತರಿಸಿದೆ. ಕಪ್ಪು ಬಣ್ಣ ಬಳಿದ ದೊಡ್ಡ ಚಾಕು, ಬೆನ್ನ ಮೇಲೆ ಗರಗಸದ ಹಲ್ಲು, ಐದು ಮಿಲಿಮೀಟರ್ ದಪ್ಪ. ಕಂಪನಿಯ ಹೆಸರು ಬೇಡ. ಇದೇ ಅಚ್ಚಿನ ಚಾಕು ಹತ್ತು ಹೆಸರಿನಲ್ಲಿ ಸಿಗುತ್ತದೆ.

ಕೈಗೆ ಬಂದ ದಿನ ನನಗೆ ಜಾಸ್ತಿ ಇಷ್ಟವಾದದ್ದು ಆ ಕಪ್ಪು ಚಾಕುವೇ. ತೂಕ ಇದೆ, ಮೂರು ತಲೆಮಾರು ಬಾಳುತ್ತದೆ ಅಂತ ಅನ್ನಿಸಿತು. ಅದನ್ನು ಆಚಾರಿಗೆ ತೋರಿಸಿದೆ. ಅವರು ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ನಿಧಾನಕ್ಕೆ ಇಳಿಸಿದರು. "ಬೆನ್ನು ದಪ್ಪ ಇರ್ಲಿ ಅಣ್ಣ, ಬಾಯಿ ಯಾಕೆ ಇಷ್ಟು ದಪ್ಪ? ಇದು ಕೊಯ್ಯುದಿಲ್ಲ, ಒಡೆಯುದು" ಅಂದರು. ಆಗ ನನಗೆ ಆ ಮಾತು ಅಷ್ಟು ಹಿಡಿಸಲಿಲ್ಲ.

ಗುಜ್ಜೆ ಕೊಯ್ಯುವ ದಿನ ಅರ್ಥವಾಯಿತು. ಒಂದೇ ಮರದ, ಒಂದೇ ಗಾತ್ರದ ಮೂರು ಗುಜ್ಜೆ. ಮೂರೂ ಚಾಕುವನ್ನು ಅದೇ ಬೆಳಿಗ್ಗೆ ಮಸೆದಿದ್ದೆ, ಮೂರಕ್ಕೂ ತೆಂಗಿನೆಣ್ಣೆ ಸವರಿದ್ದೆ. ಪೀಶಕತ್ತಿ ಮುಳ್ಳು ದಾಟಿ ತಿರುಳಿಗೆ ಸುಮ್ನೆ ಇಳಿಯಿತು. ಗೂಂಜಿನ ಹತ್ತಿರ ಮಾತ್ರ ಸ್ವಲ್ಪ ಒತ್ತಬೇಕಾಯಿತು. ಸ್ವೀಡನ್ನಿನದು ಚುರುಕಾಗಿ ಒಳಗೆ ಹೋಯಿತು. ಅರ್ಧ ಇಂಚು ಇಳಿದ ಮೇಲೆ ಎರಡೂ ಕಡೆಯಿಂದ ತಿರುಳು ಅದನ್ನು ಹಿಡಿದುಕೊಂಡಿತು. ಆಮೇಲೆ ಆಚೆ ಈಚೆ ಆಡಿಸಿ ಇಳಿಸಬೇಕಾಯಿತು. ಕಪ್ಪು ಚಾಕು ಕೊಯ್ಯಲೇ ಇಲ್ಲ. ಎರಡೂ ಕೈಯ ಭಾರ ಹಾಕಿದಾಗ ಗುಜ್ಜೆ ಟಪ್ಪನೆ ಎರಡು ಹೋಳಾಗಿ ಸಿಡಿಯಿತು. ಹೋಳಿನ ಮೈ ನುಣುಪಾಗಿರಲಿಲ್ಲ, ಹರಿದ ಹಾಗಿತ್ತು. ಆಚಾರಿ ಹೇಳಿದ ಶಬ್ದವೇ ಸರಿ. ಒಡೆದಿತ್ತು.

ಆವತ್ತು ಸಂಜೆ ವರ್ನಿಯರ್ ತಂದು ಅಳೆದೆ. ಬಾಯಿಯಿಂದ ಆರು ಮಿಲಿಮೀಟರ್ ಮೇಲೆ ಪೀಶಕತ್ತಿಯ ದಪ್ಪ 1.2 ಮಿಲಿಮೀಟರ್, ಸ್ವೀಡನ್ನಿನದು 2.5, ಕಪ್ಪು ಚಾಕು 2.8. ಬೆನ್ನಿನಲ್ಲಿ ಅಳೆದರೆ ಪೀಶಕತ್ತಿ 4 ಮಿಲಿಮೀಟರ್, ಅಂದರೆ ಸ್ವೀಡನ್ನಿನದಕ್ಕಿಂತ ಎಷ್ಟೋ ದಪ್ಪ. ಆದರೆ ಅದರ ಮೈ ಬೆನ್ನಿನಿಂದ ಬಾಯಿಯವರೆಗೆ ಒಂದೇ ಇಳಿಜಾರಿನಲ್ಲಿ ತೆಳ್ಳಗಾಗುತ್ತಾ ಬರುತ್ತದೆ. ಸ್ವೀಡನ್ನಿನದರಲ್ಲಿ ಬೆನ್ನಿನ ದಪ್ಪ ಹಾಗೇ ಕೆಳಗೆ ಬಂದು, ಕೊನೆಯ ಐದಾರು ಮಿಲಿಮೀಟರಿನಲ್ಲಿ ಒಮ್ಮೆಗೇ ಇಳಿಯುತ್ತದೆ. ಇದಕ್ಕೆ ಸ್ಕ್ಯಾಂಡಿ ಗ್ರೈಂಡ್ ಎನ್ನುತ್ತಾರೆ. ಕಪ್ಪು ಚಾಕುವಿನ ಬಾಯಿಯಲ್ಲೇ, ಮಸೆದ ಗೆರೆಯ ಹಿಂದೆಯೇ, ಒಂದು ಮಿಲಿಮೀಟರಿಗಿಂತ ಜಾಸ್ತಿ ದಪ್ಪ ಇತ್ತು. ಅಷ್ಟು ದಪ್ಪದ ಬಾಯಿಯನ್ನು ಎಷ್ಟು ಮಸೆದರೂ ಪ್ರಯೋಜನವಿಲ್ಲ.

ಹಾಗಂತ ಸ್ಕ್ಯಾಂಡಿ ಕೆಟ್ಟದ್ದು ಅಂತ ತಿಳಿಯಬೇಡಿ. ಅದು ಮರ ಕೆತ್ತಲಿಕ್ಕೆ ಮಾಡಿದ ವಿನ್ಯಾಸ. ಅದರ ಬೆಲೆ ನನಗೆ ಗೊತ್ತಾದದ್ದು ಒಳ್ಳೆಮೆಣಸಿನ ಕಸಿ ಕಟ್ಟುವಾಗ. ನಾವು ಸೊರಗು ರೋಗ ತಡೆಯುವ ಹಿಪ್ಪಲಿ ಗಿಡದ ಮೇಲೆ ಮೆಣಸಿನ ಬಳ್ಳಿ ಕಸಿ ಮಾಡುತ್ತೇವೆ. ಹಿಪ್ಪಲಿಯ ಕಾಂಡ ಸೀಳಿ, ಬಳ್ಳಿಯ ಬುಡವನ್ನು ಬೆಣೆಯ ಹಾಗೆ ಎರಡೂ ಕಡೆ ಕೆತ್ತಿ, ಒಳಗೆ ಕೂರಿಸಿ ಕಟ್ಟಬೇಕು. ಕೆತ್ತಿದ ಮೈ ಸಪಾಟಾಗಿ ಇರಬೇಕು. ನಡುವೆ ಗಾಳಿ ಉಳಿದರೆ ಕಸಿ ಒಣಗುತ್ತದೆ. ಸ್ವೀಡನ್ನಿನ ಚಾಕುವಿನ ಆ ಅಗಲದ ಇಳಿಜಾರನ್ನು ಬಳ್ಳಿಯ ಮೇಲೆ ಮಲಗಿಸಿ ಎಳೆದರೆ ಸಾಕು, ಒಂದೇ ಎಳೆತಕ್ಕೆ ಕನ್ನಡಿಯ ಹಾಗಿನ ಮೈ ಬರುತ್ತದೆ. ಕೈಗೆ ಕೋನ ಹುಡುಕುವ ಕೆಲಸವೇ ಇಲ್ಲ, ಚಾಕುವೇ ಹೇಳಿಕೊಡುತ್ತದೆ. ಮಸೆಯುವಾಗಲೂ ಅಷ್ಟೇ ಸುಲಭ. ಇಳಿಜಾರನ್ನು ಕಲ್ಲಿನ ಮೇಲೆ ಇಟ್ಟು ತಿಕ್ಕಿದರಾಯಿತು. ಪೀಶಕತ್ತಿಯಲ್ಲೂ ಕಸಿ ಕಟ್ಟಿದ್ದೇನೆ. ಆದರೆ ಮೊದಲ ಹತ್ತು ಕಡ್ಡಿ ಹಾಳಾಗುತ್ತವೆ, ಕೈ ಕೂತ ಮೇಲೆ ಸರಿಯಾಗುತ್ತದೆ. ಕಪ್ಪು ಚಾಕುವಿನಲ್ಲಿ ಕಸಿ ಕಟ್ಟುವ ಮಾತೇ ಇಲ್ಲ.

ಉಕ್ಕಿನ ವಿಷಯಕ್ಕೆ ಬರೋಣ. ಹೆಚ್ಚಿನವರು ಮೊದಲು ಕೇಳುವುದೇ ಅದನ್ನು. ಸ್ವೀಡನ್ನಿನ ಚಾಕುವಿನದು 12ಸಿ27 ಎಂಬ ಸ್ಟೇನ್‌ಲೆಸ್. ಅದರಲ್ಲಿ ಇಂಗಾಲ ಶೇಕಡ 0.6, ಕ್ರೋಮಿಯಂ ಶೇಕಡ 13.5. ಲಾರಿ ಪ್ಲೇಟಿನಲ್ಲೂ ಇಂಗಾಲ ಹೆಚ್ಚುಕಡಿಮೆ ಅಷ್ಟೇ, ಶೇಕಡ 0.5ರಿಂದ 0.6. ಗಟ್ಟಿತನ ಕೊಡುವ ಇಂಗಾಲದಲ್ಲಿ ಎರಡೂ ಅಣ್ಣತಮ್ಮಂದಿರು. ತುಕ್ಕು ತಡೆಯುವ ಕ್ರೋಮಿಯಂನಲ್ಲಿ ಮಾತ್ರ ದೊಡ್ಡ ಅಂತರ. ಕಪ್ಪು ಚಾಕುವಿನ ಮೇಲೆ ಬರೀ 440 ಅಂತ ಕೊರೆದಿತ್ತು. 440ರಲ್ಲಿ ಎ, ಬಿ, ಸಿ ಅಂತ ಮೂರು ಜಾತಿ ಇವೆ. ಎ ಜಾತಿಯಲ್ಲಿ ಇಂಗಾಲ ಶೇಕಡ 0.7ರ ಆಸುಪಾಸು, ಸಿ ಜಾತಿಯಲ್ಲಿ ಒಂದರ ಆಸುಪಾಸು. ಯಾವುದು ಅಂತ ಬರೆಯದಿದ್ದರೆ ಆ ಸಂಖ್ಯೆಯಿಂದ ಕೊಳ್ಳುವವನಿಗೆ ಏನೂ ತಿಳಿಯುವುದಿಲ್ಲ.

ಉಕ್ಕಿಗಿಂತ ಅದಕ್ಕೆ ಕಾಯಿಸಿ ತಣಿಸಿ ಕೊಟ್ಟ ಹದ ದೊಡ್ಡದು. ಇದನ್ನು ಕಣ್ಣಾರೆ ನೋಡಿದೆ. ಪೀಶಕತ್ತಿ ತಂದ ತಿಂಗಳಲ್ಲೇ ತೆಂಗಿನ ಗೆರಟೆಗೆ ತಾಗಿ ಬಾಯಿ ಒಂದು ಕಡೆ ಹಾರಿಹೋಯಿತು. ಅಕ್ಕಿಕಾಳಿನಷ್ಟು ಚೂರು. ಆಚಾರಿಗೆ ತೋರಿಸಿದಾಗ "ಹದ ಏರಿದೆ, ತಪ್ಪು ನನ್ನದೇ" (ಅಂದರೆ ಬಾಯಿ ಬೇಕಾದ್ದಕ್ಕಿಂತ ಗಟ್ಟಿಯಾಗಿದೆ) ಅಂತ ಆ ಕ್ಷಣವೇ ಕುಲುಮೆ ಹೊತ್ತಿಸಿದರು. ಅಲಗು ಕೆಂಪಾಗುವವರೆಗೆ ಕಾಯಿಸಿ, ಬಾಯಿಯ ಅಂಚು ಮಾತ್ರ ನೀರಿಗೆ ಮುಟ್ಟಿಸಿದರು. ಬೆನ್ನು ಇನ್ನೂ ಕೆಂಪಗಿತ್ತು. ಕೂಡಲೇ ಕಲ್ಲಿನಿಂದ ಒಂದು ಪಟ್ಟಿ ಉಜ್ಜಿ ಬೆಳ್ಳಗೆ ಮಾಡಿ ನನ್ನನ್ನು ಹತ್ತಿರ ಕರೆದರು. "ನೋಡಿ, ಬಣ್ಣ ಬರ್ತದೆ." ಬೆನ್ನಿನ ಬಿಸಿ ಬಾಯಿಯ ಕಡೆಗೆ ಹರಿಯುತ್ತಿದ್ದ ಹಾಗೆ ಆ ಬಿಳಿ ಪಟ್ಟಿಯ ಮೇಲೆ ತೆಳು ಹಳದಿ ಬಂತು. ಒಣಹುಲ್ಲಿನ ಬಣ್ಣ. ಅದು ಕಂದಾಗಲು ಶುರುವಾಗುವಷ್ಟರಲ್ಲಿ ಇಡೀ ಅಲಗನ್ನು ನೀರಿಗೆ ಇಳಿಸಿದರು. ಕುಲುಮೆಯ ಕೊಟ್ಟಿಗೆಯಲ್ಲಿ ಯಾಕೆ ಬೆಳಕು ಕಡಿಮೆ ಇಟ್ಟಿದ್ದಾರೆ ಅಂತ ಆಗ ತಿಳಿಯಿತು. ಬಿಸಿಲಿನಲ್ಲಿ ಕೆಂಪಿನ ಹದ ಕಣ್ಣಿಗೆ ಕಾಣುವುದಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಆ ಬಾಯಿ ಹಾರಿಲ್ಲ. ಬೆನ್ನು ಮೆತ್ತಗೆ, ಬಾಯಿ ಗಟ್ಟಿ. ಬೇರೆ ಎರಡರಲ್ಲಿ ಹೀಗೆ ತಪ್ಪು ತಿದ್ದಿಸಲು ನಾನು ಯಾರ ಹತ್ತಿರ ಹೋಗಲಿ?

ತುಕ್ಕಿನ ಲೆಕ್ಕದಲ್ಲಿ ಸ್ವೀಡನ್ನಿನದೇ ಗೆದ್ದಿತು, ಅನುಮಾನವಿಲ್ಲ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಜೋರು ಮಳೆಯ ಆಟಿ ತಿಂಗಳಲ್ಲಿ ಗೋಡೆಗೆ ತೂಗುಹಾಕಿದ ಬಟ್ಟೆಗೂ ಬೂಸ್ಟು ಹಿಡಿಯುತ್ತದೆ. ಅದರಲ್ಲೂ ಆ ಅಲಗಿಗೆ ಒಂದು ಚುಕ್ಕೆ ಬಂದಿಲ್ಲ. ಪ್ಲಾಸ್ಟಿಕ್ ಒರೆಯ ತಳದಲ್ಲಿ ನೀರು ಇಳಿಯಲು ತೂತು ಇದೆ, ಇದು ಒಳ್ಳೆಯ ಆಲೋಚನೆ. ಪೀಶಕತ್ತಿಯನ್ನು ಒದ್ದೆಯಲ್ಲಿ ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ಕೆಂಪು. ದಿನಾ ಒರೆಸಿ ಎಣ್ಣೆ ಸವರಬೇಕು. ಚರ್ಮದ ಒರೆಯಲ್ಲಂತೂ ಇಡಲೇಬೇಡಿ, ಚರ್ಮ ನೀರು ಕುಡಿದು ಅಲಗಿಗೆ ಅಂಟಿಸಿಕೊಂಡಿರುತ್ತದೆ. ನಾನು ಅಡಿಕೆ ಹಾಳೆ ಮಡಚಿ ಹೊಲಿದ ಒರೆ ಮಾಡಿಕೊಂಡಿದ್ದೇನೆ, ಹಾಳಾದರೆ ತೋಟದಲ್ಲಿ ಇನ್ನೊಂದು ಬಿದ್ದಿರುತ್ತದೆ. ಬಾಳೆಕಾಯಿ, ಎಳೆ ಅಡಿಕೆ ಕೊಯ್ದರೆ ಅದರ ಚೊಗರು ಕಬ್ಬಿಣಕ್ಕೆ ತಾಗಿ ಅಲಗೂ ಕಪ್ಪು, ಕಾಯಿಯೂ ಕಪ್ಪು. ಅಮ್ಮ ಪೀಶಕತ್ತಿಯನ್ನು ಬಾಳೆಕಾಯಿಗೆ ಮುಟ್ಟಿಸಲು ಬಿಡುವುದಿಲ್ಲ.

ಆದರೆ ಒಂದು ಕೆಲಸಕ್ಕೆ ತುಕ್ಕು ಹಿಡಿಯುವ ಕಬ್ಬಿಣವೇ ಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಕದಡುವಾಗ ಹದ ನೋಡುವುದು ಹೇಗೆ? 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಸುಣ್ಣ ಹಳತಾಗಿದ್ದರೆ ಲೆಕ್ಕ ತಪ್ಪುತ್ತದೆ. ಚೆನ್ನಾಗಿ ಉಜ್ಜಿದ ಪೀಶಕತ್ತಿಯನ್ನು ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ, ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು ಅಂತ ಅರ್ಥ. ಸ್ಟೇನ್‌ಲೆಸ್ ಅಲಗನ್ನು ಇದಕ್ಕೆ ನಂಬುವ ಹಾಗಿಲ್ಲ.

ಹಿಡಿಯ ಬಗ್ಗೆ ಒಂದು ಮಾತು. ಕಪ್ಪು ಚಾಕುವಿನ ಉಕ್ಕು ಹಿಡಿಯ ತುದಿಯವರೆಗೂ ಒಂದೇ ತುಂಡು. ಇದನ್ನು ಫುಲ್ ಟ್ಯಾಂಗ್ ಅಂತ ಹೊಗಳಿ ಮಾರುತ್ತಾರೆ. ಬಲ ಇದೆ, ಸುಳ್ಳಲ್ಲ. ಆದರೆ ಎರಡು ಬದಿಗೆ ಕೂರಿಸಿದ ಹೋಳುಗಳ ಸ್ಕ್ರೂ ಮೂರನೇ ತಿಂಗಳಿಗೆ ಸಡಿಲವಾಯಿತು, ಸಂದಿಗೆ ನೀರು ಹೋಗಿ ಒಳಗಿಂದ ತುಕ್ಕು ಬಂತು. ಪೀಶಕತ್ತಿಯ ಬಾಲ ಮಾತ್ರ ಹಿಡಿಯೊಳಗೆ ಹೋಗಿದೆ, ಅರಗು ಹಾಕಿ ಕೂರಿಸಿದ್ದು, ಹಿಡಿಯ ಬಾಯಲ್ಲಿ ಒಂದು ಬಳೆ. ಅಲ್ಲಾಡಿಲ್ಲ. ಅದರ ಹಿಡಿ ಮೊದಲು ಉರುಟಾಗಿತ್ತು, ಮಳೆಯಲ್ಲಿ ಕೈಯೊಳಗೆ ತಿರುಗುತ್ತಿತ್ತು. ಸ್ವೀಡನ್ನಿನದರ ಮೊಟ್ಟೆಯಾಕಾರದ ಹಿಡಿ ನೋಡಿದ ಮೇಲೆ ಅದನ್ನೂ ಹಾಗೇ ಕೆತ್ತಿಸಿದೆ. ಈಗ ನೋಡದೆಯೇ ಬಾಯಿ ಯಾವ ಕಡೆ ಇದೆ ಅಂತ ಕೈಗೆ ಗೊತ್ತಾಗುತ್ತದೆ. ಬೆರಳು ಜಾರಿ ಅಲಗಿಗೆ ಹೋಗದ ಹಾಗೆ ಮುಂದೆ ಒಂದು ಉಬ್ಬು ಕೂಡ ಇರಬೇಕು. ಇದರಲ್ಲಿ ಸ್ವೀಡನ್ನಿನವರು ನಮಗಿಂತ ಮುಂದಿದ್ದಾರೆ. ಇನ್ನು ಬೆನ್ನಿನ ಗರಗಸದ ಹಲ್ಲು: ಅದರಲ್ಲಿ ಒಂದು ಓಟೆಯನ್ನೂ (ಸಣ್ಣ ಬಿದಿರು) ಕೊಯ್ಯಲು ಆಗಲಿಲ್ಲ, ಒತ್ತುವಾಗ ಎಡಗೈ ಬೆನ್ನಿನ ಮೇಲೆ ಇಡಲೂ ಆಗುವುದಿಲ್ಲ. ಅಂಥದ್ದು ಇರುವ ಚಾಕು ಕೊಳ್ಳಬೇಡಿ.

ಕೆಲವರು ಕಾನೂನಿನ ಬಗ್ಗೆ ಕೇಳುತ್ತಾರೆ. ಲೈಸೆನ್ಸ್ ಬೇಕಾಗುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿಗೆ. ಮನೆ, ಕೃಷಿ ಕೆಲಸಕ್ಕೆಂದೇ ಮಾಡಿದ್ದಕ್ಕೆ ಅದರಲ್ಲಿ ವಿನಾಯಿತಿ ಇದೆ. ಈ ಮೂರೂ ಆ ಅಳತೆಯ ಒಳಗೇ ಇವೆ.

ಒಂದೇ ಇಟ್ಟುಕೊಳ್ಳಿ ಅಂದರೆ ನಾನು ಪೀಶಕತ್ತಿ ಇಟ್ಟುಕೊಳ್ಳುತ್ತೇನೆ. ಕಸಿ ಕಟ್ಟುವ, ಕಡ್ಡಿ ಕೆತ್ತುವ ಕೆಲಸ ಜಾಸ್ತಿ ಇರುವವರು, ದಿನಾ ಎಣ್ಣೆ ಸವರಲು ಪುರುಸೊತ್ತಿಲ್ಲದವರು ಸ್ವೀಡನ್ನಿನದು ತೆಗೆದುಕೊಳ್ಳಿ.

ಕಪ್ಪು ಚಾಕುವನ್ನು ಬಿಸಾಡಲು ಮನಸ್ಸಾಗಲಿಲ್ಲ. ಕಳೆದ ತಿಂಗಳು ಆಚಾರಿಯ ಸಾಣೆಗೆ ತೆಗೆದುಕೊಂಡು ಹೋದೆ. ಅವರು ಸಾಣೆ ತಿರುಗಿಸಿದರು, ನಾನು ನೀರಿನ ಬಾಲ್ದಿ ಹಿಡಿದು ಕೂತೆ. ನಾಲ್ಕು ಸಲ ತಾಗಿಸಿ ಒಂದು ಸಲ ಅದ್ದುವುದು. ಬಿಸಿ ಏರಿದರೆ ಹದ ಹೋಗುತ್ತದೆ. ಮಧ್ಯಾಹ್ನ ಶುರುಮಾಡಿದ್ದು ಸಂಜೆಯಾಯಿತು. ಬಣ್ಣವೆಲ್ಲ ಹೋಯಿತು, ಬೆನ್ನಿನ ಹಲ್ಲೂ ಹೋಯಿತು, ಬಾಯಿಯ ದಪ್ಪ ಅರ್ಧ ಮಿಲಿಮೀಟರಿಗೆ ಇಳಿಯಿತು. ಮನೆಗೆ ತಂದು ಅಮ್ಮನ ಕೈಗೆ ಒಂದು ಗುಜ್ಜೆ ಜೊತೆ ಕೊಟ್ಟೆ. ಸಿಡಿಯಲಿಲ್ಲ. ಗೂಂಜಿನವರೆಗೆ ಸೀದಾ ಇಳಿಯಿತು. "ಇದು ಯಾವಾಗ ತಂದದ್ದು?" ಅಂತ ಅಮ್ಮ ಕೇಳಿದರು.