ನಗು ಬರಿಸುವ ಐಡಿಯಾ, ಎದ್ದು ಹೋಗಲು ಬಿಡದ ಶೋ: ನಾರ್ವೆಯ ಸ್ಲೋ ಟಿವಿ

"ರೈಲಿನ ಮುಂದೆ ಕ್ಯಾಮೆರಾ ಕಟ್ಟೋಣ, ಏಳು ಗಂಟೆ ಹಳಿಯನ್ನೇ ತೋರಿಸೋಣ" ಅಂತ ಚಾನೆಲ್ ಮೀಟಿಂಗಿನಲ್ಲಿ ಯಾರಾದರೂ ಹೇಳಿದರೆ ಎಲ್ಲರೂ ನಗುತ್ತಾರೆ, ಅಲ್ವಾ? ನಾರ್ವೆಯ ಸಾರ್ವಜನಿಕ ಟಿವಿ ಸಂಸ್ಥೆ ಎನ್‌ಆರ್‌ಕೆ 2009ರ ನವೆಂಬರಿನಲ್ಲಿ ಇದನ್ನು ಮಾಡಿಯೇ ಬಿಟ್ಟಿತು. ಸಾಧಾರಣ ಸಂಗತಿಯೊಂದನ್ನು ಹೀಗೆ ಗಂಟೆಗಟ್ಟಲೆ ತೋರಿಸುವುದಕ್ಕೇ ಸ್ಲೋ ಟಿವಿ ಅನ್ನುತ್ತಾರೆ. ಬರ್ಗನ್‌ನಿಂದ ಓಸ್ಲೋಗೆ ಹೋಗುವ ರೈಲು ಮಾರ್ಗಕ್ಕೆ 100 ವರ್ಷ ತುಂಬಿತ್ತು, ಅದೇ ನೆಪ. ಆಗ ಸುಮಾರು 50 ಲಕ್ಷ ಜನರಿದ್ದ ದೇಶದಲ್ಲಿ 12 ಲಕ್ಷದಷ್ಟು ಜನ ಸ್ವಲ್ಪ ಹೊತ್ತಾದರೂ ಕೂತು ನೋಡಿದರು.

ನನಗಂತೂ ಇದು ತುಂಬಾ ಇಷ್ಟ. ಹಿಮದ ನಡುವೆ ಹಳಿ ಬಾಗುತ್ತದೆ, ದೂರದಲ್ಲಿ ಒಂದು ಪುಟ್ಟ ಸ್ಟೇಷನ್ ಕಾಣುತ್ತದೆ, ಅಲ್ಲಿ ರೈಲು ನಿಲ್ಲುತ್ತದೋ ಇಲ್ಲವೋ ಅನ್ನುವ ಕುತೂಹಲದಲ್ಲೇ ಅರ್ಧ ಗಂಟೆ ಕಳೆದುಹೋಗಿರುತ್ತದೆ. ಸುರಂಗ ಬಂದಾಗ ಸುಮ್ನೆ ಕತ್ತಲೆ ತೋರಿಸದೆ ಹಳೆಯ ಚಿತ್ರಗಳನ್ನು ಹಾಕಿದ್ದಾರೆ. ಜಾಣತನದ ಕೆಲಸ.

ಅದೇ ಚಾನೆಲ್ 2011ರಲ್ಲಿ ತೋರಿಸಿದ ಹಡಗು ಪ್ರಯಾಣ 134 ಗಂಟೆಗಳದ್ದು, ಅದೂ ಲೈವ್. ಹಡಗು ಬರುವುದನ್ನು ಕಾದು ಜನ ದಡದಲ್ಲಿ ಬಾವುಟ ಹಿಡಿದು ನಿಂತಿದ್ದರು. 2013ರಲ್ಲಿ ಇನ್ನೂ ತಮಾಷೆ: 12 ಗಂಟೆ ಬರೀ ಸೌದೆ! ಒಲೆ ಉರಿಯುವುದನ್ನೇ 8 ಗಂಟೆ ತೋರಿಸಿದರು. ಸೌದೆ ಜೋಡಿಸುವಾಗ ತೊಗಟೆ ಮೇಲಿರಬೇಕೋ ಕೆಳಗಿರಬೇಕೋ ಅಂತ ಜಗಳ ತೆಗೆದು ಜನ ಚಾನೆಲ್‌ಗೆ ಮೆಸೇಜ್ ಕಳಿಸಿದರು. ಆದರೆ ಇದರ ಮೊದಲ ನಾಲ್ಕು ಗಂಟೆ ಮಾತೇ ಜಾಸ್ತಿ, ನಾರ್ವೇಜಿಯನ್ ಬರದವರಿಗೆ ಬೇಜಾರಾಗುತ್ತದೆ. ರೈಲಿಗೆ ಐದಕ್ಕೆ ಐದು ಕೊಡುತ್ತೇನೆ, ಸೌದೆಗೆ ಮೂರೂವರೆ.

ಇವೆಲ್ಲ ಗೆದ್ದಿದ್ದಕ್ಕೆ ಒಂದೇ ಕಾರಣ: ಐಡಿಯಾ ಎಷ್ಟೇ ತಮಾಷೆಯದಾಗಿರಲಿ, ಮಾಡಿದವರು ಒಮ್ಮೆಯೂ ಅದನ್ನು ತಮಾಷೆಯಾಗಿ ತಗೊಳ್ಳಲಿಲ್ಲ. ಹಿನ್ನೆಲೆಯಲ್ಲಿ ನಗುವಿನ ಸದ್ದು ಹಾಕಲಿಲ್ಲ, ಬೇಗ ಬೇಗ ಕಟ್ ಮಾಡಲಿಲ್ಲ. ಹೊಸ ಕಾಮಿಡಿ ಶೋಗಳಿಗೆ ಬೇಕಾಗಿರುವುದೂ ಇದೇ. ಬಾಗಿಲ ಬಳಿ ಕೂತ ಬೆಕ್ಕನ್ನೇ ತಗೊಳ್ಳಿ. ಹೊರಗೆ ಬಿಡು ಅಂತ ಕೂಗುತ್ತದೆ, ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಕೂತು ಯೋಚಿಸುತ್ತದೆ, ಒಂದು ಕಾಲು ಹೊರಗಿಟ್ಟು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಇದಕ್ಕೆ ಇಬ್ಬರು ಕ್ರಿಕೆಟ್ ಕಾಮೆಂಟರಿಯಷ್ಟೇ ಗಂಭೀರವಾಗಿ ವಿವರಣೆ ಕೊಡಬೇಕು, ಆ ಕಾಲು ಒಳಗೆ ಬಂದಿದ್ದನ್ನು ರೀಪ್ಲೇ ಹಾಕಿ ಚರ್ಚಿಸಬೇಕು. ಇನ್ನೊಂದು, ಗಂಡ ಹೆಂಡತಿ ಸೇರಿ ಬೀರು ಜೋಡಿಸುವ ಲೈವ್ ಶೋ. ಸೂಚನೆಯ ಹಾಳೆ ಯಾರ ಕೈಯಲ್ಲಿದೆ ಅನ್ನುವುದರಲ್ಲೇ ಅರ್ಧ ಕಥೆ, ಎಲ್ಲ ಮುಗಿದ ಮೇಲೆ ಉಳಿದ ಒಂದು ಸ್ಕ್ರೂ ಎಲ್ಲಿಯದು ಅನ್ನುವುದು ಮುಂದಿನ ಎಪಿಸೋಡ್. ಇಂಥದ್ದು ಬಂದರೆ ನಾನಂತೂ ತಪ್ಪದೆ ನೋಡುತ್ತೇನೆ.

ಸ್ಲೋ ಟಿವಿಗೆ ಹೊಸಬರಾದರೆ ರೈಲಿನಿಂದಲೇ ಶುರು ಮಾಡಿ, ಹಡಗು ಆಮೇಲೆ. ಫೋನಿನಲ್ಲಿ ಬೇಡ, ಇರುವುದರಲ್ಲೇ ದೊಡ್ಡ ಪರದೆಯಲ್ಲಿ ಹಾಕಿ. ಫಾಸ್ಟ್ ಫಾರ್ವರ್ಡ್ ಮಾಡಿಕೊಂಡು ಮಾತ್ರ ನೋಡಬೇಡಿ.