ಮೂಲೆಯಲ್ಲಿ ಕಂಡ 60ನ್ನು ನಂಬಿ ನಾನು ಮೋಸಹೋದೆ

ಮೊದಲೇ ಹೇಳಿಬಿಡುತ್ತೇನೆ: ಎಮ್ಯುಲೇಟರ್ (ಹಳೆಯ ಆಟದ ಯಂತ್ರವನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವ ತಂತ್ರಾಂಶ) ನಿಧಾನವಾಗಿದೆ, ಸರಿಮಾಡಿಕೊಡಿ ಎಂದು ಯಾರಿಗೂ ಹಣ ಕೊಡಬೇಡಿ. ನಾನು ಕೊಟ್ಟೆ, ಅದೂ ಮುಂಗಡವಾಗಿ. ಹೇಳಿಕೊಳ್ಳಲು ನಾಚಿಕೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಹಣ ತೆಗೆದುಕೊಂಡ ಆ ಪುಣ್ಯಾತ್ಮ ಈಗಲೂ ಅದೇ ಜಾಹೀರಾತು ಹಾಕಿಕೊಂಡು ಕುಳಿತಿದ್ದಾನೆ: ‘ಯಾವ ಎಮ್ಯುಲೇಟರ್ ಆದರೂ ಪೂರ್ಣ ವೇಗ, ಖಾತರಿ.’

ನನ್ನ ಹಳೆಯ ಪ್ಲೇಸ್ಟೇಷನ್ 2 ಡಿಸ್ಕ್‌ಗಳನ್ನು ಲ್ಯಾಪ್‌ಟಾಪ್‌ನಲ್ಲಿ ಪಿಸಿಎಸ್‌ಎಕ್ಸ್2 ಎಂಬ ಎಮ್ಯುಲೇಟರ್ ಹಾಕಿಕೊಂಡು ಆಡುತ್ತಿದ್ದೆ. ಸೆಕೆಂಡಿಗೆ 60 ಚಿತ್ರ (ಫ್ರೇಮ್) ಬರಬೇಕಾದಲ್ಲಿ 35, ಹೆಚ್ಚೆಂದರೆ 38. ಸಂಗೀತ ರಾಗ ಎಳೆಯುತ್ತಿತ್ತು, ಪಾತ್ರ ಕೆಸರಿನಲ್ಲಿ ಕಾಲಿಟ್ಟಂತೆ ನಡೆಯುತ್ತಿತ್ತು. 2000ನೇ ಇಸವಿಯ ಕನ್ಸೋಲ್, ಅದರ ಪ್ರೊಸೆಸರ್ 300 ಮೆಗಾಹರ್ಟ್ಸ್ ಕೂಡ ಮುಟ್ಟುವುದಿಲ್ಲ, ನನ್ನ ಲ್ಯಾಪ್‌ಟಾಪ್‌ಗೆ ಇದೇನು ಮಹಾ ಎಂದುಕೊಂಡಿದ್ದೆ. ಆ ಲೆಕ್ಕವೇ ತಪ್ಪು. ಎಮ್ಯುಲೇಟರ್ ಆ ಯಂತ್ರದ ಆದೇಶಗಳನ್ನೆಲ್ಲ ನಮ್ಮ ಪ್ರೊಸೆಸರ್‌ಗೆ ಅರ್ಥವಾಗುವಂತೆ ಬದಲಿಸಿ, ಅದರ ಮುಖ್ಯ ಪ್ರೊಸೆಸರ್, ಲೆಕ್ಕ ಮಾಡುವ ಎರಡು ವೆಕ್ಟರ್ ಘಟಕ, ಗ್ರಾಫಿಕ್ಸ್ ಚಿಪ್ ಇವೆಲ್ಲ ಒಂದೇ ತಾಳಕ್ಕೆ ನಡೆಯುವಂತೆ ನೋಡಿಕೊಳ್ಳಬೇಕು. ನನಗೆ ಇದು ಗೊತ್ತಿರಲಿಲ್ಲ. ಗೊತ್ತಿಲ್ಲದವರೇ ಅವನ ಬಂಡವಾಳ.

ಅವನು ದೂರದಿಂದಲೇ ನನ್ನ ಪರದೆಯನ್ನು ತನ್ನ ವಶಕ್ಕೆ ತೆಗೆದುಕೊಂಡ. ‘ಸರ್, ಆಂಟಿವೈರಸ್ ನಿಲ್ಲಿಸಿ’ ಎಂದ. ನಿಲ್ಲಿಸಿದೆ! ‘ಸರ್, ಹಳೆಯ ಕಸ ತೆಗೆಯುತ್ತೇನೆ’ ಎಂದ. ತೆಗೆಯಿರಿ ಎಂದೆ. ಮೌಸ್ ಬಾಣ ಅಷ್ಟು ವೇಗವಾಗಿ ಓಡಾಡುತ್ತಿತ್ತು, ಯಾವ ಫೋಲ್ಡರ್ ಹೋಯಿತು ಎಂದು ನೋಡಲೂ ಆಗಲಿಲ್ಲ. ಇಪ್ಪತ್ತು ನಿಮಿಷದ ನಂತರ ಆಟದ ಮೊದಲ ಪರದೆ, ಮೂಲೆಯಲ್ಲಿ 60. ‘ನೋಡಿ ಸರ್.’ ನಾನು ನೋಡಿದೆ. ಧನ್ಯವಾದವನ್ನೂ ಹೇಳಿದೆ. ಹಣ ಹೋದದ್ದಕ್ಕಿಂತ ಆ ಧನ್ಯವಾದ ನೆನಪಾದರೆ ಹೆಚ್ಚು ಉರಿಯುತ್ತದೆ.

ರಾತ್ರಿ ಆಡಲು ಕುಳಿತೆ. ಆಟ ಎಲ್ಲಿಗೆ ಬಂದಿತ್ತೆಂದು ಉಳಿಸಿಡುವ ಮೆಮೊರಿ ಕಾರ್ಡ್ ಖಾಲಿ. ಎರಡನೆಯ ಸ್ಲಾಟ್ ನೋಡಿದೆ, ಅದೂ ಖಾಲಿ. ನಲವತ್ತು ಗಂಟೆಗೂ ಮೇಲಿನ ಆಟ. ಸೇವ್ ಸ್ಟೇಟ್‌ಗಳೂ (ಆಟದ ಆ ಕ್ಷಣವನ್ನೇ ಎಮ್ಯುಲೇಟರ್ ಉಳಿಸಿಡುವ ಫೈಲ್‌ಗಳು) ಇಲ್ಲ, ರೀಸೈಕಲ್ ಬಿನ್ ಕೂಡ ಬರಿದು. ಕೇಳಿದ್ದಕ್ಕೆ ಅವನ ಉತ್ತರ: ‘ಹಳೆಯ ಫೈಲ್ ಇದ್ದರೆ ವೇಗ ಕಡಿಮೆಯಾಗುತ್ತದೆ ಸರ್.’ ಸುಳ್ಳು. ಎಮ್ಯುಲೇಟರ್‌ನಲ್ಲಿ ಮೆಮೊರಿ ಕಾರ್ಡ್ ಎಂದರೆ 8 ಎಂಬಿಯ ಒಂದು ಫೈಲ್, ವೇಗಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಹಲ್ಲು ಕಚ್ಚಿಕೊಂಡು ಹೊಸ ಆಟ ಆರಂಭಿಸಿದೆ. ಮೂಲೆಯಲ್ಲಿ 60 ಅಲುಗದೆ ನಿಂತಿದೆ, ಆದರೆ ಪಾತ್ರ ಕುಂಟುತ್ತಿದೆ. ಕತ್ತಿ ಎತ್ತಿದ್ದು ಕಾಣುತ್ತದೆ, ಶತ್ರು ಬಿದ್ದದ್ದು ಕಾಣುತ್ತದೆ, ನಡುವಿನದು ಮಾಯ. ಅರ್ಧ ಗಂಟೆ ನನ್ನ ಕಣ್ಣನ್ನೇ ಅನುಮಾನಿಸಿದೆ. ಅಂಕಿಯನ್ನು ಅನುಮಾನಿಸಲಿಲ್ಲ!

ಕೊನೆಗೆ ಸೆಟ್ಟಿಂಗ್ಸ್ ತೆರೆದೆ. ‘ಇಇ ಸೈಕಲ್ ಸ್ಕಿಪ್ಪಿಂಗ್’ ಗರಿಷ್ಠದಲ್ಲಿದೆ, ‘ಇಇ ಸೈಕಲ್ ರೇಟ್’ 50 ಶೇಕಡಕ್ಕೆ ಇಳಿದಿದೆ. ಇಇ ಎಂದರೆ ಎಮೋಷನ್ ಎಂಜಿನ್, ಆ ಕನ್ಸೋಲ್‌ನ ಮುಖ್ಯ ಪ್ರೊಸೆಸರ್. ಅಂದರೆ ಒಳಗಿನ ಕನ್ಸೋಲ್‌ನ ಪ್ರೊಸೆಸರನ್ನೇ ಅವನು ಕುಂಟಾಗಿಸಿದ್ದ. ಆಟ ಹೊಸ ಚಿತ್ರವನ್ನು ಸಮಯಕ್ಕೆ ಸಿದ್ಧಪಡಿಸಲಾರದೆ ಹಳೆಯದನ್ನೇ ಮತ್ತೆ ತೋರಿಸುತ್ತದೆ. ಮೂಲೆಯ ಎಣಿಕೆಗೆ ಅದು ಬೇಕಾಗಿಲ್ಲ, ಹಳೆಯದೋ ಹೊಸದೋ, ಪರದೆ ಎಷ್ಟು ಸಲ ಬಂತು ಎಂದಷ್ಟೇ ಅದು ಲೆಕ್ಕ ಹಾಕುತ್ತದೆ. ಅದನ್ನೇ ನನಗೆ ಮಾರಿದ.

ಬರೆದು ಕೇಳಿದೆ. ‘60 ಬಂದಿದೆಯಲ್ಲ ಸರ್?’ ಆದರೆ ಆಟ ಜರ್ಕ್ ಹೊಡೆಯುತ್ತಿದೆ ಎಂದೆ. ‘60 ಬಂದಿದೆ ಸರ್.’ ಸ್ಕಿಪ್ಪಿಂಗ್ ಬಗ್ಗೆ ಕೇಳಿದೆ. ‘ಅದು ನಮ್ಮ ತಾಂತ್ರಿಕ ವಿಧಾನ.’ ಹಣ ಹಿಂತಿರುಗಿಸಿ ಎಂದೆ. ‘ನಿಮ್ಮ ಲ್ಯಾಪ್‌ಟಾಪ್ ಹಳೆಯದು. ಕೆಲಸ ಮುಗಿದಿದೆ.’ ಆಮೇಲೆ ಉತ್ತರವೇ ಇಲ್ಲ.

ನಿಜವಾದ ಕಾರಣ ಮರುದಿನ ನನಗೇ ಸಿಕ್ಕಿತು, ಅದು ಇನ್ನೂ ದೊಡ್ಡ ಅವಮಾನ. ಅವನು ಮಾಡಿದ್ದನ್ನೆಲ್ಲ ಮೊದಲಿನಂತೆ ಮಾಡಿ, ಪರದೆಯ ಮೇಲೆ ಸಿಪಿಯು (ಪ್ರೊಸೆಸರ್), ಜಿಪಿಯು (ಗ್ರಾಫಿಕ್ಸ್ ಚಿಪ್) ಬಳಕೆ ಕಾಣುವಂತೆ ಮಾಡಿಕೊಂಡೆ. ಸಿಪಿಯು ಆರಾಮವಾಗಿದೆ, ಜಿಪಿಯು ಏದುಸಿರು ಬಿಡುತ್ತಿದೆ. ಚಿತ್ರ ಚೂಪಾಗಿ ಕಾಣಲಿ ಎಂದು ಮೊದಲ ವಾರವೇ ನಾನೇ ರೆಸಲ್ಯೂಷನ್ ಅನ್ನು ಮೂಲದ 6 ಪಟ್ಟು ಏರಿಸಿದ್ದೆ. ಅಗಲದಲ್ಲಿ 6, ಎತ್ತರದಲ್ಲಿ 6, ಒಟ್ಟು 36 ಪಟ್ಟು ಪಿಕ್ಸೆಲ್‌ಗಳು! ಅದರ ಮೇಲೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೂ ಆಟ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲೇ ಓಡುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ಅಡಾಪ್ಟರ್ ಬದಲಿಸಿ, ರೆಸಲ್ಯೂಷನ್ ಅನ್ನು ಮೂಲದ 2 ಪಟ್ಟಷ್ಟಕ್ಕೆ ಇಳಿಸಿದೆ. 60 ಬಂತು, ಈ ಸಲ ಕಣ್ಣಿಗೂ ಬಂತು. ಐದು ನಿಮಿಷದ ಕೆಲಸ.

ಹಾಗಾಗಿ ಮೊದಲು ಯಾವುದು ದಣಿದಿದೆ ಎಂದು ನೋಡಿ. ಜಿಪಿಯು ತುಂಬಿದ್ದರೆ ರೆಸಲ್ಯೂಷನ್ ಇಳಿಸಿ. ಪರದೆಯ ಮೇಲಿನ ಬಳಕೆಯ ಅಂಕಿಗಳಲ್ಲಿ ಇಇ ಸಾಲು ಶೇಕಡ ನೂರರ ಹತ್ತಿರ ಇದ್ದರೆ ಹೊಸ ಗ್ರಾಫಿಕ್ಸ್ ಕಾರ್ಡ್ ತಂದರೂ ಪ್ರಯೋಜನವಿಲ್ಲ, ಅಲ್ಲಿ ಬೇಕಾದದ್ದು ಪ್ರೊಸೆಸರ್‌ನ ಒಂದೊಂದು ಕೋರ್‌ನ ಬಲ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಚುಚ್ಚಿ, ವಿದ್ಯುತ್ ಉಳಿತಾಯದ ಮೋಡ್ ತೆಗೆಯಿರಿ. ಪಿಸಿಎಸ್‌ಎಕ್ಸ್2 ಉಚಿತ, ನಿಂಟೆಂಡೊ ಆಟಗಳ ಎಮ್ಯುಲೇಟರ್ ಡಾಲ್ಫಿನ್ ಉಚಿತ, ಅವುಗಳ ಸೆಟ್ಟಿಂಗ್ಸ್ ಕೂಡ ಉಚಿತ. ಮತ್ತು ‘ಮೆಮ್‌ಕಾರ್ಡ್ಸ್’ ಫೋಲ್ಡರನ್ನು ಇವತ್ತೇ ಬೇರೆಡೆ ನಕಲು ಮಾಡಿಡಿ. ಇವತ್ತೇ. ವೇಗ ನೋಡಲು ಆಡಿದ್ದು ಬಿಟ್ಟರೆ, ನಾನು ಆ ಆಟವನ್ನು ಇನ್ನೂ ಮೊದಲಿನಿಂದ ಆಡಲು ಕುಳಿತಿಲ್ಲ, ಮನಸ್ಸು ಬರುತ್ತಿಲ್ಲ.